ಆಪ್ತಸಮಾಲೋಚನೆ: ಮೊದಲ ಫೋನ್ ಕರೆಯಿಂದ ಕೊನೆಯ ಭೇಟಿಯವರೆಗೆ

"ಸ್ವಲ್ಪ ಬುದ್ಧಿ ಹೇಳಿ ಸಾರ್." ಮನೆಯವರು ಯಾರನ್ನಾದರೂ ಆಪ್ತಸಮಾಲೋಚಕರ ಬಳಿ ಕರೆತಂದಾಗ ಮೊದಲು ಆಡುವ ಮಾತು ಬಹುತೇಕ ಇದೇ. ಆದರೆ ಬಂದವರಿಗೆ ಬುದ್ಧಿಮಾತು ಅಷ್ಟರಲ್ಲೇ ಸಾಕಷ್ಟು ಸಿಕ್ಕಿರುತ್ತದೆ. ಧೈರ್ಯವಾಗಿರು, ಜಾಸ್ತಿ ಯೋಚನೆ ಮಾಡಬೇಡ, ದೇವರ ಮೇಲೆ ಭಾರ ಹಾಕು, ಎಲ್ಲರ ಮನೆ ದೋಸೆಯೂ ತೂತೇ. ಇದರಿಂದ ವಾಸಿಯಾಗುವ ಹಾಗಿದ್ದರೆ ಇಷ್ಟು ಹೊತ್ತಿಗೆ ಆಗಿರಬೇಕಿತ್ತು. ಸಮಾಲೋಚನೆಗೆ ಹೋಗಿ ಎರಡನೇ ವಾರಕ್ಕೇ ಬಿಟ್ಟುಬಿಡುವವರಲ್ಲಿ ಹಲವರು ಹೀಗೆ ಬುದ್ಧಿಮಾತು ಕೇಳಲು ಹೋದವರು. "ಬರೀ ಮಾತಾಡ್ತಾರೆ, ನಮಗೂ ಗೊತ್ತಿರೋದೇ" ಎಂದು ಹೇಳಿ ಬಿಡುತ್ತಾರೆ. ನಿಜವಾದ ಕೆಲಸ ಎರಡು ಭೇಟಿಗಳ ನಡುವಿನ ಆರು ದಿನಗಳಲ್ಲಿ ನಡೆಯುತ್ತದೆ ಎಂದು ಅವರಿಗೆ ಯಾರೂ ತಿಳಿಸಿರುವುದಿಲ್ಲ.

ಖಿನ್ನತೆ, ಆತಂಕ, ಪ್ಯಾನಿಕ್, ನಿದ್ರಾಹೀನತೆ, ಗೀಳು ಬಹಳ ಸಾಮಾನ್ಯ ತೊಂದರೆಗಳು. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ಕಾಯಿಲೆಯಿತ್ತು. ಖಿನ್ನತೆ, ಆತಂಕದಂಥ ಸಾಮಾನ್ಯ ಕಾಯಿಲೆ ಇದ್ದವರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಯಾವಾಗ ಹೋಗಬೇಕು

ಬೇಸರ ಎಲ್ಲರಿಗೂ ಆಗುತ್ತದೆ. ಅದು ದಿನದ ಬಹುಪಾಲು ಹೊತ್ತು, ಹೆಚ್ಚುಕಡಿಮೆ ದಿನವೂ, ಎರಡು ವಾರ ಬಿಡದೆ ಕಾಡಿದರೆ ಮತ್ತು ಕೆಲಸ, ಓದು, ಮನೆವಾರ್ತೆ ಅದರಿಂದ ಕೆಡತೊಡಗಿದರೆ ಹೋಗಬೇಕಾದ ಹೊತ್ತು ಬಂದಿದೆ ಎಂದುಕೊಳ್ಳಿ. ನಮ್ಮಲ್ಲಿ ಮನಸ್ಸಿನ ನೋವು ಹೆಚ್ಚಾಗಿ ಮೈಯ ಮೂಲಕವೇ ಮಾತಾಡುತ್ತದೆ. ಎದೆ ಡವಡವ, ತಲೆಭಾರ, ಕೈಕಾಲು ಜೋಮು, ಎಷ್ಟು ಮಾತ್ರೆ ನುಂಗಿದರೂ ಹೋಗದ ಗ್ಯಾಸ್ಟ್ರಿಕ್, ಬೆಳಗಿನ ಜಾವ ಮೂರಕ್ಕೇ ಎಚ್ಚರ, ಏನೂ ಮಾಡದೆಯೂ ಸುಸ್ತು. ಮೂರು ಸಲ ಇಸಿಜಿ ಮಾಡಿಸಿ ಮೂರೂ ಸಲ ನಾರ್ಮಲ್ ಎಂದು ಬಂದರೂ ಭಯ ಹೋಗದಿದ್ದರೆ ನಾಲ್ಕನೆಯದು ಬೇಡ. ಆ ಭಯಕ್ಕೇ ಚಿಕಿತ್ಸೆ ಬೇಕು.

ಹಾಗಂತ ಮೈಯನ್ನು ನೋಡದೆ ಬಿಡಬಾರದು. ಹತ್ತಿರದ ವೈದ್ಯರ ಬಳಿ ಥೈರಾಯ್ಡ್, ಹಿಮೋಗ್ಲೋಬಿನ್, ಸಕ್ಕರೆ, ಬಿ12 ಒಮ್ಮೆ ನೋಡಿಸಿ. ಥೈರಾಯ್ಡ್ ಕಡಿಮೆಯಾದರೆ ಖಿನ್ನತೆಯಂತೆಯೇ ಕಾಣುತ್ತದೆ, ಹೆಚ್ಚಾದರೆ ಥೇಟ್ ಆತಂಕದಂತೆ. ರಕ್ತಹೀನತೆಯ ಸುಸ್ತಿಗೆ ವಾರವಾರ ಕೂತು ಮಾತಾಡಿ ಪ್ರಯೋಜನವಿಲ್ಲ.

ಕೆಲವು ಸಂದರ್ಭಗಳಲ್ಲಿ ಸಮಾಲೋಚಕರಿಗಿಂತ ಮೊದಲು ಮನೋವೈದ್ಯರನ್ನೇ ಕಾಣಬೇಕು. ಯಾರಿಗೂ ಕೇಳದ ಧ್ವನಿ ಕೇಳಿಸುವುದು, ಎಲ್ಲರೂ ತನ್ನ ವಿರುದ್ಧ ಸಂಚು ಮಾಡುತ್ತಿದ್ದಾರೆಂಬ ಗಟ್ಟಿ ನಂಬಿಕೆ, ದಿನಗಟ್ಟಲೆ ನಿದ್ದೆಯಿಲ್ಲದೆಯೂ ಅತಿಯಾದ ಹುರುಪು ಮತ್ತು ದುಂದು, ಊಟ ನೀರು ಬಿಟ್ಟಿರುವುದು, ಕುಡಿತ ಬಿಟ್ಟ ಮರುದಿನ ಕೈ ನಡುಗಿ ಬೆವರುವುದು, ಹೆರಿಗೆಯಾದ ಕೆಲವೇ ದಿನಗಳಲ್ಲಿ ಬಾಣಂತಿಯ ಮಾತು ನಡತೆ ಬದಲಾಗುವುದು. ಇವಕ್ಕೆಲ್ಲ ಔಷಧ ತುರ್ತಾಗಿ ಬೇಕು.

ಸಾಯುವ ಯೋಚನೆ ಬರುತ್ತಿದ್ದರೆ ಅಪಾಯಿಂಟ್‌ಮೆಂಟಿಗಾಗಿ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಈಗಲೇ ಕರೆ ಮಾಡಿ. ಪ್ರಾಣಕ್ಕೆ ಅಪಾಯವಿದೆ ಎನಿಸಿದರೆ 112 ಅಥವಾ 108ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಜೊತೆಯಲ್ಲಿರುವವರು ಆ ವ್ಯಕ್ತಿಯನ್ನು ಒಂಟಿಯಾಗಿ ಬಿಡಬಾರದು. ಹೊಲಕ್ಕೆ ತಂದ ಔಷಧಿ, ಮನೆಯಲ್ಲಿ ಉಳಿದ ಮಾತ್ರೆಗಳು ಅದೇ ದಿನ ಮನೆಯಿಂದ ಆಚೆ ಹೋಗಲಿ ಅಥವಾ ಬೀಗದೊಳಗೆ ಸೇರಲಿ. "ಸಾಯಬೇಕು ಅನ್ನಿಸ್ತಾ ಇದೆಯಾ?" ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕುಬಿಡುತ್ತದೆ ಎಂಬ ಹೆದರಿಕೆ ಬೇಡ. ಕೇಳಿದಾಗ ಹೆಚ್ಚಿನವರಿಗೆ ಒಳಗಿದ್ದ ಭಾರ ಇಳಿಯುತ್ತದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 115ನೇ ಸೆಕ್ಷನ್, ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು ಎನ್ನುತ್ತದೆ. ಪೊಲೀಸ್ ಕೇಸಿಗೆ ಹೆದರಿ ಚಿಕಿತ್ಸೆ ತಡಮಾಡುವುದು ಬೇಡ.

ಯಾರ ಬಳಿ ಹೋಗಬೇಕು

ಬಾಗಿಲ ಮೇಲಿನ ಬೋರ್ಡಿನಲ್ಲಿ ಡಾಕ್ಟರ್ ಎಂದಿದ್ದರಷ್ಟೇ ಸಾಲದು. ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪಿಎಂ ಮಾಡಿದವರು. ಅವರು ಔಷಧ ಬರೆಯಬಲ್ಲರು. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಹೆಚ್ಚಾಗಿ ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಯ ಮೇಲೆ ಎರಡು ವರ್ಷದ ಎಂಫಿಲ್ ಮಾಡಿದವರು. ಇವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ ನೋಂದಣಿ ಸಂಖ್ಯೆ ಇರುತ್ತದೆ. ಅದನ್ನು ಪರಿಷತ್ತಿನ ವೆಬ್‌ಸೈಟಿನಲ್ಲಿ ಹೋಲಿಸಿ ನೋಡಬಹುದು. ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಕುಟುಂಬದ ಜೊತೆಗಿನ ಕೆಲಸದಲ್ಲಿ ಪಳಗಿದವರು. ಆಪ್ತಸಮಾಲೋಚಕರು ಎಂಬ ಹೆಸರಿನಡಿ ಎರಡು ವರ್ಷ ಎಂಎಸ್ಸಿ ಓದಿದವರೂ ಇದ್ದಾರೆ, ವಾರಾಂತ್ಯದ ಕೋರ್ಸ್ ಮುಗಿಸಿದವರೂ ಇದ್ದಾರೆ. ಆದ್ದರಿಂದ ಏನು ಓದಿದ್ದೀರಿ, ಎಲ್ಲಿ ತರಬೇತಿ ಪಡೆದಿರಿ, ಹಿರಿಯರ ಮಾರ್ಗದರ್ಶನದಲ್ಲಿ ಕೆಲಸ ಮಾಡಿದ್ದೀರಾ ಎಂದು ಸಂಕೋಚವಿಲ್ಲದೆ ಕೇಳಿ. ಒಳ್ಳೆಯವರು ಬೇಸರಿಸುವುದಿಲ್ಲ. ಮೂರೇ ಭೇಟಿಯಲ್ಲಿ ಗ್ಯಾರಂಟಿ ಗುಣ ಎನ್ನುವವರು, ಔಷಧವೆಲ್ಲ ಇವತ್ತೇ ನಿಲ್ಲಿಸಿ ಎನ್ನುವವರು, ಹತ್ತು ಭೇಟಿಯ ಪೂರ್ತಿ ಹಣ ಮುಂಗಡ ಕೇಳುವವರು ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ.

ಎಲ್ಲಿಂದ ಶುರುಮಾಡುವುದೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆ ದಿನದ 24 ಗಂಟೆಯೂ ಉಚಿತ. 14416 ಅಥವಾ 1800-891-4416ಕ್ಕೆ ಕರೆ ಮಾಡಿ ಕನ್ನಡ ಆರಿಸಿಕೊಳ್ಳಿ. ಮೊದಲು ತರಬೇತಿ ಪಡೆದ ಸಮಾಲೋಚಕರು ಮಾತಾಡುತ್ತಾರೆ, ಅಗತ್ಯವಿದ್ದರೆ ತಜ್ಞರಿಗೆ ದಾಟಿಸುತ್ತಾರೆ. ನಿಮ್ಮ ಜಿಲ್ಲೆಯಲ್ಲಿ ಎಲ್ಲಿಗೆ ಹೋಗಬಹುದೆಂದು ಅವರನ್ನೇ ಕೇಳಿ.

ಜಿಲ್ಲಾ ಆಸ್ಪತ್ರೆಗಳ ಮನೋವೈದ್ಯ ವಿಭಾಗದಲ್ಲಿ ಚಿಕಿತ್ಸೆ ಪುಕ್ಕಟೆ ಅಥವಾ ಬಹಳ ಅಗ್ಗ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋವೈದ್ಯಕೀಯ ಕ್ಲಿನಿಕ್ ನಡೆಯುತ್ತದೆ. ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲಿ ಅಥವಾ ಆಶಾ ಕಾರ್ಯಕರ್ತೆಯ ಬಳಿ ಮೊದಲೇ ವಿಚಾರಿಸಿ, ಬಸ್ಸಿನ ದುಡ್ಡು ಉಳಿಯುತ್ತದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಬೆಂಗಳೂರಿನ ನಿಮ್ಹಾನ್ಸ್‌ಗೆ ಹೊಸದಾಗಿ ಹೋಗುವವರು ಕೆಲಸದ ದಿನ ಬೆಳಿಗ್ಗೆ ಬೇಗ ತಲುಪಬೇಕು. ಗುರುತಿನ ಚೀಟಿ, ಹಳೆಯ ಚೀಟಿಗಳು ಕೈಯಲ್ಲಿರಲಿ, ಬುತ್ತಿಯನ್ನೂ ಕಟ್ಟಿಕೊಳ್ಳಿ. ಅರ್ಧ ದಿನಕ್ಕಿಂತ ಹೆಚ್ಚು ಹಿಡಿಯುತ್ತದೆ. ದೊಡ್ಡ ಆಸ್ಪತ್ರೆಯ ಗೇಟು ದಾಟಲು ಹಿಂಜರಿಯುವವರಿಗೆ ಬಿಟಿಎಂ ಬಡಾವಣೆಯಲ್ಲಿ ನಿಮ್ಹಾನ್ಸ್‌ನದೇ ಯೋಗಕ್ಷೇಮ ಕೇಂದ್ರವಿದೆ.

ಖಾಸಗಿಯಲ್ಲಿ ನಗರಗಳ ಶುಲ್ಕ ಸಾಮಾನ್ಯವಾಗಿ ಒಂದು ಭೇಟಿಗೆ ಸಾವಿರ ರೂಪಾಯಿಯ ಆಸುಪಾಸಿನಿಂದ ಶುರು. ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಕೊಡಬೇಕೆಂದು ಅದೇ 2017ರ ಕಾಯ್ದೆ ಹೇಳುತ್ತದೆ. ಆದರೆ ಹೊರರೋಗಿ ಸೌಲಭ್ಯವಿಲ್ಲದ ಪಾಲಿಸಿಯಲ್ಲಿ ಸಮಾಲೋಚನೆಯ ಹಣ ಸಿಗುವುದಿಲ್ಲ. ಪಾಲಿಸಿ ಓದಿಯೇ ಲೆಕ್ಕ ಹಾಕಿ.

ಫೋನಿನಲ್ಲಿ ಸಮಯ ಕೇಳುವಾಗ ನಾಲ್ಕು ವಿಷಯ ಖಚಿತ ಮಾಡಿಕೊಳ್ಳಿ: ಒಂದು ಭೇಟಿ ಎಷ್ಟು ಹೊತ್ತು (45ರಿಂದ 60 ನಿಮಿಷ ರೂಢಿ), ಶುಲ್ಕವೆಷ್ಟು, ಬರಲಾಗದಿದ್ದರೆ ಎಷ್ಟು ಗಂಟೆ ಮುಂಚೆ ತಿಳಿಸಬೇಕು, ಮತ್ತು ಮಾತು ಕನ್ನಡದಲ್ಲಿ ನಡೆಯುತ್ತದೆಯೇ. ಕೊನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಆಫೀಸಿನಲ್ಲಿ ಇಂಗ್ಲಿಷನ್ನು ಸರಾಗವಾಗಿ ಆಡುವವರೂ ಅಳು ಬಂದಾಗ ಮನೆಮಾತಿಗೇ ಮರಳುತ್ತಾರೆ. "ಎದೆ ಮೇಲೆ ಕಲ್ಲು ಇಟ್ಟಂಗಾಗುತ್ತೆ", "ಜೀವ ಹೊಡಕೊಳ್ಳುತ್ತೆ" ಎಂಬ ಮಾತುಗಳನ್ನು ಬೇರೆ ಭಾಷೆಗೆ ತಿರುಗಿಸುವಷ್ಟರಲ್ಲಿ ಅವುಗಳ ಜೀವ ಹೋಗಿರುತ್ತದೆ. ಮುಂಬಯಿಯಲ್ಲೋ ದುಬೈಯಲ್ಲೋ ಇರುವವರು ವಿಡಿಯೊ ಮೂಲಕ ಕನ್ನಡದವರನ್ನೇ ಹುಡುಕಿಕೊಳ್ಳುವುದು ಒಳ್ಳೆಯದು. ವಿಡಿಯೊ ಭೇಟಿಯ ಆರಂಭದಲ್ಲೇ ನೀವಿರುವ ವಿಳಾಸ ಮತ್ತು ತುರ್ತಿಗೆ ಒಬ್ಬರ ಫೋನ್ ನಂಬರ್ ಕೊಟ್ಟಿರಿ. ಮನೆಯಲ್ಲಿ ಏಕಾಂತ ಸಿಗದಿದ್ದರೆ ನಿಲ್ಲಿಸಿದ ಕಾರು, ತಾರಸಿ, ಸ್ನೇಹಿತರ ಕೋಣೆ ಆದೀತು. ಇಯರ್‌ಫೋನ್ ಮರೆಯಬೇಡಿ.

ಮೊದಲ ಭೇಟಿ

ಒಂದೇ ಒಂದು ಹಾಳೆ ಬರೆದುಕೊಂಡು ಹೋಗಿ. ತೊಂದರೆ ಯಾವಾಗ ಶುರುವಾಯಿತು, ಆಗ ಬದುಕಿನಲ್ಲಿ ಏನು ನಡೆದಿತ್ತು, ಈಗ ಯಾವುದನ್ನು ಮಾಡಲಾಗುತ್ತಿಲ್ಲ, ನಿದ್ದೆ ಮತ್ತು ಊಟ ಹೇಗಿದೆ, ಯಾವ ಮಾತ್ರೆಗಳು ನಡೆಯುತ್ತಿವೆ, ಕುಡಿತ ತಂಬಾಕು ಎಷ್ಟು, ಮನೆಯಲ್ಲಿ ಹಿಂದೆ ಯಾರಿಗಾದರೂ ಇಂಥದ್ದು ಆಗಿತ್ತೇ. ಹಿಂದೆಂದಾದರೂ ವಿಪರೀತ ಹುರುಪಿನ ದಿನಗಳು ಬಂದಿದ್ದರೆ ಅದನ್ನು ತಪ್ಪದೆ ಬರೆಯಿರಿ. ಬೈಪೋಲಾರ್ (ಖಿನ್ನತೆಯೂ ವಿಪರೀತ ಹುರುಪೂ ಬಂದುಹೋಗುವ ಕಾಯಿಲೆ) ಇದ್ದವರಿಗೆ ಖಿನ್ನತೆಯ ಮಾತ್ರೆ ಒಂದನ್ನೇ ಕೊಟ್ಟರೆ ಉನ್ಮಾದಕ್ಕೆ ಜಾರಬಹುದು. ಗಿಡಮೂಲಿಕೆ, ನಾಟಿ ಔಷಧಿಯನ್ನೂ ಮುಚ್ಚಿಡಬೇಡಿ. ದೇವಸ್ಥಾನಕ್ಕೋ ದರ್ಗಾಕ್ಕೋ ಹೋಗಿ ಬಂದಿದ್ದರೆ ಹೇಳಿ, ಅದಕ್ಕೆ ಯಾರೂ ಬೈಯುವುದಿಲ್ಲ. ಪೂಜೆಯೂ ನಡೆಯಲಿ, ಚಿಕಿತ್ಸೆಯೂ ನಡೆಯಲಿ.

ಒಂದು ಪ್ರಶ್ನಾವಳಿ ತುಂಬಿಸಬಹುದು. ಪಿಎಚ್‌ಕ್ಯೂ-9 ಎಂಬುದರಲ್ಲಿ ಕಳೆದ ಎರಡು ವಾರಗಳ ಬಗ್ಗೆ ಒಂಬತ್ತು ಪ್ರಶ್ನೆಗಳಿವೆ, ಒಟ್ಟು ಅಂಕ 0ಯಿಂದ 27. ಸಾಮಾನ್ಯವಾಗಿ 10 ಮತ್ತು ಮೇಲಿದ್ದರೆ ಚಿಕಿತ್ಸೆಯ ಮಾತು ಬರುತ್ತದೆ, 20 ಮತ್ತು ಮೇಲಿದ್ದರೆ ತೀವ್ರ. ಆತಂಕಕ್ಕೆ ಜಿಎಡಿ-7 ಇದೆ, ಅಂಕ 21ರವರೆಗೆ. ಅಂಕವೇ ರೋಗನಿರ್ಣಯ ಎಂದುಕೊಳ್ಳಬೇಡಿ. ಆದರೆ ನಾಲ್ಕು ವಾರದ ನಂತರ ಮತ್ತೆ ತುಂಬಿದಾಗ 17 ಇದ್ದದ್ದು 11ಕ್ಕೆ ಇಳಿದಿದೆಯೇ ಎಂದು ನೋಡಲು ಅದು ಬಹಳ ಉಪಯುಕ್ತ. ಮನಸ್ಸು ಕುಗ್ಗಿದವರಿಗೆ ತಮ್ಮ ಸುಧಾರಣೆ ತಮಗೇ ಕಾಣುವುದಿಲ್ಲ.

ಅತ್ತೆಯ ಜೊತೆ ಬಂದ ಸೊಸೆ, ಅಪ್ಪನ ಜೊತೆ ಬಂದ ಮಗ ಅವರೆದುರಿಗೆ ಬಾಯಿ ಬಿಡುವುದಿಲ್ಲ. "ಸ್ವಲ್ಪ ಹೊತ್ತು ನಾನೊಬ್ಬನೇ ಮಾತಾಡಬೇಕು" ಎಂದು ಕೇಳಿ, ಅದು ನಿಮ್ಮ ಹಕ್ಕು. ಆಡಿದ ಮಾತು ಗುಟ್ಟಾಗಿರಬೇಕೆಂದು ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 23ನೇ ಸೆಕ್ಷನ್ ಹೇಳುತ್ತದೆ. ಯಾರದಾದರೂ ಪ್ರಾಣಕ್ಕೆ ಅಪಾಯವಿದ್ದಾಗ, ನ್ಯಾಯಾಲಯ ಕೇಳಿದಾಗ ಮತ್ತು ಅಂಥ ಕೆಲವೇ ಸಂದರ್ಭಗಳಲ್ಲಿ ವಿನಾಯಿತಿ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ ಪೋಕ್ಸೊ ಕಾಯ್ದೆಯಡಿ ಅವರು ವರದಿ ಮಾಡಲೇಬೇಕು. ಇದನ್ನೆಲ್ಲ ಮೊದಲ ದಿನವೇ ಅವರು ವಿವರಿಸಬೇಕು. ವಿವರಿಸದಿದ್ದರೆ ನೀವೇ ಕೇಳಿ.

ಮೊದಲ ಭೇಟಿ ಮುಗಿಸಿ ಬಂದಾಗ ಹಗುರವಾಗುವ ಬದಲು ದಣಿವಾಗಬಹುದು. ವರ್ಷಗಟ್ಟಲೆ ಮುಚ್ಚಿಟ್ಟಿದ್ದನ್ನು ಕೆದಕಿರುತ್ತೀರಿ. ಆ ಸಂಜೆ ದೊಡ್ಡ ಕೆಲಸ ಇಟ್ಟುಕೊಳ್ಳಬೇಡಿ.

ಮನೆಗೆ ಕೊಟ್ಟ ಕೆಲಸವೇ ಚಿಕಿತ್ಸೆ

ಯೋಚನೆ ಮತ್ತು ನಡವಳಿಕೆಯನ್ನು ಬದಲಿಸಿಕೊಳ್ಳಲು ಕಲಿಸುವ ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಸಾಮಾನ್ಯವಾಗಿ ವಾರಕ್ಕೊಂದರಂತೆ 12ರಿಂದ 16 ಭೇಟಿ ಹಿಡಿಯುತ್ತದೆ. ಪ್ರತಿ ಸಲವೂ ಮನೆಯಲ್ಲಿ ಮಾಡಲು ಒಂದು ಕೆಲಸ ಕೊಟ್ಟು ಕಳಿಸುತ್ತಾರೆ, ಮುಂದಿನ ಭೇಟಿ ಅದರಿಂದಲೇ ಶುರು.

ಖಿನ್ನತೆಯಲ್ಲಿ ಮನಸ್ಸು ಬಂದ ಮೇಲೆ ಮಾಡೋಣ ಎಂದು ಕಾಯುತ್ತೇವೆ. ಮನಸ್ಸು ಬರುವುದಿಲ್ಲ, ಮಾಡದೇ ಇದ್ದದ್ದಕ್ಕೆ ಇನ್ನಷ್ಟು ಕುಗ್ಗುತ್ತೇವೆ. ಈ ಗಾಣದಿಂದ ಹೊರಬರಲು ಕೆಲಸವನ್ನು ಮುಂದಿಟ್ಟು ಮನಸ್ಸನ್ನು ಹಿಂದಿನಿಂದ ಬರಲು ಬಿಡಬೇಕು. ಮೊದಲ ವಾರ ಏನನ್ನೂ ಬದಲಿಸದೆ ಬರೀ ದಾಖಲಿಸಿ: ಎರಡೆರಡು ಗಂಟೆಗೊಮ್ಮೆ ಏನು ಮಾಡುತ್ತಿದ್ದಿರಿ, ಮನಸ್ಸು 10ಕ್ಕೆ ಎಷ್ಟಿತ್ತು. ದಿನವಿಡೀ 2 ಎಂದುಕೊಂಡಿದ್ದವರಿಗೆ ಗಿಡಕ್ಕೆ ನೀರು ಹಾಕುವಾಗ 4 ಇತ್ತೆಂಬುದು, ಹಾಸಿಗೆಯಲ್ಲಿ ಮೊಬೈಲ್ ನೋಡಿದ ಎರಡು ಗಂಟೆ 1 ಇತ್ತೆಂಬುದು ಆಗ ಕಾಣುತ್ತದೆ. ಎರಡನೇ ವಾರದಿಂದ ದಿನಕ್ಕೆ ಎರಡೇ ಕೆಲಸ ಸೇರಿಸಿ. ಒಂದು, ಮಾಡಿ ಮುಗಿಸಿದೆ ಎನಿಸುವಂಥದ್ದು; ಇನ್ನೊಂದು, ಹಿಂದೆ ಖುಷಿ ಕೊಡುತ್ತಿದ್ದದ್ದು. ಪ್ರತಿಯೊಂದೂ ಹತ್ತು ನಿಮಿಷದ್ದಿರಲಿ, ಸಮಯ ಗೊತ್ತುಮಾಡಿರಲಿ. ನಾಳೆಯಿಂದ ಐದಕ್ಕೆ ಎದ್ದು ಒಂದು ಗಂಟೆ ವಾಕಿಂಗ್ ಎಂದು ಬರೆದವರು ಮೂರನೇ ದಿನ ಸೋತು "ನನ್ನ ಕೈಲಿ ಇದೂ ಆಗಲಿಲ್ಲ" ಎಂದು ಮರಳುತ್ತಾರೆ. ಬೀದಿ ಕೊನೆಯ ಅಂಗಡಿವರೆಗೆ ಹೋಗಿ ಬರುವುದು ಸಾಕು. ಈ ವಿಧಾನ ಎಷ್ಟು ಸರಳವೆಂದರೆ, ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತರಬೇತಿ ಪಡೆದ ಸಾಮಾನ್ಯ ಸಮಾಲೋಚಕರೇ ಇದನ್ನು 6ರಿಂದ 8 ಭೇಟಿಗಳಲ್ಲಿ ಕಲಿಸಿದರು, ತೀವ್ರ ಖಿನ್ನತೆ ಇದ್ದವರಿಗೂ ಗುಣ ಕಂಡಿತು. ಆ ಅಧ್ಯಯನ 2017ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಪ್ಯಾನಿಕ್‌ನ ದಾರಿ ಬೇರೆ. ಇದ್ದಕ್ಕಿದ್ದಂತೆ ಎದೆ ಹೊಡೆದುಕೊಂಡು, ಉಸಿರು ಸಿಕ್ಕಿಹಾಕಿಕೊಂಡು, ಸತ್ತೇ ಹೋದೆ ಎನಿಸುತ್ತದೆ. ಮೊದಲ ಸಲ ಹೀಗಾದರೆ ಆಸ್ಪತ್ರೆಗೆ ಹೋಗಿ ಹೃದಯ ನೋಡಿಸಲೇಬೇಕು. ಹೃದಯ ಸರಿಯಿದೆ ಎಂದಾದ ಮೇಲೆ ತಿಳಿಯಬೇಕಾದದ್ದು: ಅದು ಮೈಯ ಅಪಾಯದ ಗಂಟೆ, ಬೆಂಕಿಯಿಲ್ಲದೆ ಬಾರಿಸಿದ್ದು. ಸುಮಾರು ಹತ್ತು ನಿಮಿಷದಲ್ಲಿ ತುತ್ತತುದಿ ಮುಟ್ಟಿ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ತಾನಾಗಿ ಇಳಿಯುತ್ತದೆ. ಆ ಹೊತ್ತಿನಲ್ಲಿ ದೊಡ್ಡದಾಗಿ ಉಸಿರೆಳೆಯಬೇಡಿ, ತಲೆಸುತ್ತು ಹೆಚ್ಚುತ್ತದೆ. ಮೂಗಿನಿಂದ ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ.

ಪ್ಯಾನಿಕ್ ಬಂದ ಜಾಗದಿಂದ ತಪ್ಪಿಸಿಕೊಳ್ಳುತ್ತಾ ಹೋದಂತೆ ಬದುಕು ಕಿರಿದಾಗುತ್ತದೆ. ಇಂದು ಬಸ್ಸು, ನಾಳೆ ಮದುವೆಮನೆ, ಕೊನೆಗೆ ಅಂಗಡಿಯೂ ಬೇಡ. ಚಿಕಿತ್ಸೆ ಈ ಏಣಿಯನ್ನು ಮೇಲಕ್ಕೆ ಹತ್ತಿಸುತ್ತದೆ. ಬಸ್ಸಿನ ಭಯಕ್ಕೆ ಮೆಟ್ಟಿಲುಗಳು ಹೀಗಿರಬಹುದು: ಬಸ್‌ನಿಲ್ದಾಣದಲ್ಲಿ ಕಾಲು ಗಂಟೆ ನಿಲ್ಲುವುದು, ನಿಂತ ಬಸ್ಸಿನಲ್ಲಿ ಬಾಗಿಲ ಬಳಿ ಕೂರುವುದು, ಮಧ್ಯಾಹ್ನದ ಖಾಲಿ ಬಸ್ಸಿನಲ್ಲಿ ಎರಡು ಸ್ಟಾಪ್, ಅದೇ ಬಸ್ಸಿನ ನಡುವಿನ ಸೀಟಿನಲ್ಲಿ ಹತ್ತು ಸ್ಟಾಪ್, ಸಂಜೆಯ ನೂಕುನುಗ್ಗಲಲ್ಲಿ ನಿಂತು ಹೋಗುವುದು. ಪ್ರತಿ ಮೆಟ್ಟಿಲಲ್ಲೂ ಭಯಕ್ಕೆ 100ಕ್ಕೆ ಅಂಕ ಕೊಡಿ, ಅರ್ಧಕ್ಕೆ ಇಳಿಯುವವರೆಗೆ ಇರಿ, ಮೂರ್ನಾಲ್ಕು ಸಲ ಮಾಡಿದ ಮೇಲೆ ಮುಂದಿನದು. ಇಲ್ಲಿ ಎರಡು ಎಡವಟ್ಟಾಗುತ್ತವೆ. ಭಯ ತುದಿಯಲ್ಲಿದ್ದಾಗಲೇ ಇಳಿದುಬಿಟ್ಟರೆ "ಇಳಿದದ್ದಕ್ಕೇ ಬದುಕಿದೆ" ಎಂದು ಮೆದುಳು ಕಲಿಯುತ್ತದೆ. ಎರಡನೆಯದು ಕಣ್ಣಿಗೆ ಬೀಳುವುದಿಲ್ಲ: ಜೇಬಿನಲ್ಲಿ ಮಾತ್ರೆ, ಕೈಯಲ್ಲಿ ನೀರಿನ ಬಾಟಲಿ, ಫೋನಿನಲ್ಲಿ ಹೆಂಡತಿ. ಹೀಗೆ ಮಾಡಿದರೆ ಧೈರ್ಯದ ಪುಣ್ಯವೆಲ್ಲ ಬಾಟಲಿಗೆ ಹೋಗುತ್ತದೆ. ಒಂದೊಂದಾಗಿ ಅವನ್ನು ಮನೆಯಲ್ಲೇ ಬಿಟ್ಟು ಹೋಗಬೇಕು.

ಸದಾ ಚಿಂತೆ ಮಾಡುವವರು ಚಿಂತೆಗೊಂದು ಹೊತ್ತು ಗೊತ್ತುಮಾಡಲಿ. ಸಂಜೆ ಐದೂವರೆಗೆ ಇಪ್ಪತ್ತು ನಿಮಿಷ, ಕೈಯಲ್ಲಿ ನೋಟ್‌ಬುಕ್. ಹಗಲಿನಲ್ಲಿ ಬಂದ ಚಿಂತೆಯನ್ನು ಒಂದು ಸಾಲು ಬರೆದು ಸಂಜೆಗೆ ಮುಂದೂಡಿ. ಮಲಗುವ ಮುನ್ನ ಮಾತ್ರ ಈ ಹೊತ್ತು ಬೇಡ. ಗೀಳಿನಲ್ಲಿ ಮನೆಯವರ ಪಾತ್ರ ದೊಡ್ಡದು. "ಗ್ಯಾಸ್ ಆಫ್ ಮಾಡಿದ್ದೀನಾ?" ಎಂದು ಹತ್ತು ಸಲ ಕೇಳಿದಾಗ ಹತ್ತು ಸಲವೂ ಹೌದೆನ್ನುವುದು ಪ್ರೀತಿಯಿಂದಲೇ ಆದರೂ ಗೀಳಿಗೆ ಉಣಿಸಿದಂತೆ. ಅದನ್ನು ಹೇಗೆ ಕಡಿಮೆ ಮಾಡಬೇಕೆಂದು ಸಮಾಲೋಚಕರೇ ಮನೆಯವರನ್ನು ಕೂರಿಸಿ ಹೇಳಿಕೊಡಬೇಕು. ಒಮ್ಮೆಲೇ ನಿಲ್ಲಿಸಿ ಜಗಳವಾಡುವುದಲ್ಲ.

ಮಾತ್ರೆಯ ಮಾತು

ಮಾತ್ರೆ ಬರೆದರೆ ಹೆದರಬೇಡಿ. ಮಧ್ಯಮ, ತೀವ್ರ ಖಿನ್ನತೆಯಲ್ಲಿ ಮಾತ್ರೆ ಮತ್ತು ಸಮಾಲೋಚನೆ ಜೋಡೆತ್ತಿನಂತೆ. ಸಾಮಾನ್ಯವಾಗಿ ಕೊಡುವ ಖಿನ್ನತೆಯ ಮಾತ್ರೆಗಳು ಕೆಲಸ ತೋರಲು ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರ ವಾಕರಿಕೆ, ತಳಮಳ ಬರಬಹುದು. ಎಷ್ಟೋ ಜನ ಅಲ್ಲಿಗೇ ಬಿಟ್ಟು "ಆಗಿಬರಲಿಲ್ಲ" ಎನ್ನುತ್ತಾರೆ. ಬಿಡುವ ಮುಂಚೆ ವೈದ್ಯರಿಗೆ ಫೋನ್ ಮಾಡಿ. ತಳಮಳ ಜೋರಾದರೆ, ಸಾಯುವ ಯೋಚನೆ ಹೆಚ್ಚಿದರೆ, ಅದರಲ್ಲೂ ಹದಿಹರೆಯದವರಲ್ಲಿ, ಅದೇ ದಿನ ತಿಳಿಸಬೇಕು. ಗುಣವಾದ ಮೇಲೂ ಆರರಿಂದ ಒಂಬತ್ತು ತಿಂಗಳು ಮುಂದುವರಿಸಿ, ವೈದ್ಯರು ಹೇಳಿದಂತೆ ಮೆಲ್ಲಗೆ ಇಳಿಸಬೇಕು. ಚಟವಾಗುವ ಭಯ ಅಲ್ಪ್ರಜೋಲಮ್‌ನಂಥ ನಿದ್ದೆ-ನೆಮ್ಮದಿಯ ಮಾತ್ರೆಗಳ ವಿಷಯದಲ್ಲಿ ನಿಜ. ಅವನ್ನು ಹಳೆಯ ಚೀಟಿ ತೋರಿಸಿ ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗುವುದು ಬೇಡ. ಬಹುದಿನ ನುಂಗಿದ್ದರೆ ತಟ್ಟನೆ ನಿಲ್ಲಿಸುವುದೂ ಅಪಾಯ.

ಸರಿಹೋಗುತ್ತಿಲ್ಲ ಎನಿಸಿದಾಗ

ನಾಲ್ಕೈದು ಭೇಟಿಯಾದರೂ ಏನೂ ಕದಲದಿದ್ದರೆ ಸುಮ್ಮನೆ ಹೋಗುವುದನ್ನು ನಿಲ್ಲಿಸಬೇಡಿ. ಅದನ್ನೇ ಅವರೆದುರು ಹೇಳಿ. ಗುರಿ ತಪ್ಪಾಗಿರಬಹುದು, ಮನೆಗೆ ಕೊಟ್ಟ ಕೆಲಸ ದೊಡ್ಡದಾಗಿರಬಹುದು, ಕುಡಿತದ ಸುದ್ದಿ ಇನ್ನೂ ಹೇಳದೇ ಉಳಿದಿರಬಹುದು, ಥೈರಾಯ್ಡ್ ನೋಡದೇ ಇರಬಹುದು. ಮನೆಯಲ್ಲಿ ಹೊಡೆತ ನಡೆಯುತ್ತಿದ್ದರೆ ಉಸಿರಾಟದ ಅಭ್ಯಾಸದಿಂದ ಅದು ನಿಲ್ಲುವುದಿಲ್ಲ. ಅಲ್ಲಿ 181 ಮಹಿಳಾ ಸಹಾಯವಾಣಿ, ಮಕ್ಕಳಿಗಾದರೆ 1098 ಮೊದಲು. ಮಾತಾಡಿದ ಮೇಲೂ ಹೊಂದದಿದ್ದರೆ ಬೇರೆಯವರ ಬಳಿ ಕಳಿಸಿ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಸಮಾಲೋಚಕರು ಮೈ ಮುಟ್ಟಿದರೆ, ಸಾಲ ಕೇಳಿದರೆ, ಹೊರಗೆ ಭೇಟಿಗೆ ಕರೆದರೆ, ನಿಮ್ಮ ಜಾತಿ, ಧರ್ಮ, ಲೈಂಗಿಕತೆಯನ್ನು "ಸರಿಪಡಿಸುತ್ತೇನೆ" ಎಂದರೆ ಮಾತಿನ ಅಗತ್ಯವೇ ಇಲ್ಲ. ಬಿಟ್ಟುಬನ್ನಿ, ದೂರು ಕೊಡಿ.

ಚಿಕಿತ್ಸೆ ಒಂದು ದಿನ ಥಟ್ಟನೆ ಮುಗಿಯಬಾರದು. ವಾರಕ್ಕೊಮ್ಮೆ ಇದ್ದದ್ದು ಹದಿನೈದು ದಿನಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಆಗಲಿ. ಕೊನೆಯ ಎರಡು ಭೇಟಿಗಳಲ್ಲಿ ಸಮಾಲೋಚಕರ ಜೊತೆ ಕೂತು ಒಂದು ಚೀಟಿ ಬರೆಯಿರಿ. ನನಗೆ ಮತ್ತೆ ಇಳಿಮುಖವಾಗುವ ಮೊದಲ ಗುರುತುಗಳು ಯಾವುವು: ಸ್ನಾನ ಮುಂದೂಡುವುದೇ, ಫೋನ್ ಎತ್ತದಿರುವುದೇ, ಮೂರು ಗಂಟೆಯ ಎಚ್ಚರವೇ? ಆಗ ಮೊದಲು ಮಾಡುವ ಎರಡು ಕೆಲಸ ಯಾವುವು? ಮನೆಯಲ್ಲಿ ಯಾರಿಗೆ ಹೇಳುತ್ತೇನೆ? ಗುರುತುಗಳು ಎಷ್ಟು ದಿನ ಮುಂದುವರಿದರೆ ಮತ್ತೆ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುತ್ತೇನೆ? ಕೆಳಗೆ ಸಮಾಲೋಚಕರ ನಂಬರ್, ಅದರ ಕೆಳಗೆ 14416. ಒಂದು ಪ್ರತಿಯನ್ನು ಬೀರುವಿನ ಬಾಗಿಲ ಒಳಮೈಗೆ ಅಂಟಿಸಿ, ಇನ್ನೊಂದನ್ನು ಆ ಮನೆಯವರ ಕೈಗೆ ಕೊಡಿ.